ವಜ್ರದ ಆಕರ: ‘ಬ್ಲಡ್ ಡೈಮಂಡ್’ ಚಲನಚಿತ್ರ ಮತ್ತು ಸಿಯೆರಾ ಲಿಯೋನ್‌ನ ಚರಿತ್ರೆ

ಭಾರತೀಯ ರತ್ನಶಾಸ್ತ್ರ ಗ್ರಂಥಗಳು ವಜ್ರದ ಬಣ್ಣ, ತೂಕ, ಗುಣದೋಷಗಳನ್ನು ವಿಚಾರಿಸುವುದರ ಜೊತೆಗೆ ಅದು ಯಾವ ಆಕರದಿಂದ ಬಂದುದೆಂಬುದನ್ನೂ ವಿಚಾರಿಸುತ್ತವೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ವಜ್ರಪರೀಕ್ಷೆಯ ಅಧ್ಯಾಯದಲ್ಲಿ ವೇಣಾ ನದಿಯ ತೀರ, ಕೋಸಲ, ಸೌರಾಷ್ಟ್ರ, ಕಳಿಂಗ ಮೊದಲಾದ ಎಂಟು ನೆಲೆಗಳ ಹೆಸರುಗಳಿವೆ. ಪ್ರತಿಯೊಂದು ನೆಲೆಯ ಹರಳಿಗೂ ಅದರದೇ ಆದ ವರ್ಣವನ್ನು ಅಲ್ಲಿ ಹೇಳಲಾಗಿದೆ. ಅಲ್ಲಾವುದ್ದೀನ್ ಖಿಲ್ಜಿಯ ರಾಜಭಂಡಾರವನ್ನು ಕಣ್ಣಾರೆ ಕಂಡಿದ್ದ ಜೈನ ಅಧಿಕಾರಿ ಠಕ್ಕುರ ಫೇರು 1315ರಲ್ಲಿ ಪ್ರಾಕೃತದಲ್ಲಿ ರಚಿಸಿದ ‘ರಯಣಪರಿಕ್ಖಾ’ ಇದೇ ಪರಂಪರೆಗೆ ಸೇರಿದುದು. ಇಂದಿನ ಪೇಟೆಯಲ್ಲಿ ವಜ್ರದ ಬೆಲೆಯನ್ನು ನಿರ್ಧರಿಸುವ ಅಳತೆಗಳು ನಾಲ್ಕು: ಕ್ಯಾರೆಟ್ ತೂಕ, ಬಣ್ಣ, ನಿರ್ಮಲತೆ ಮತ್ತು ಸಾಣೆಯ ಅಂದ. ಆಕರಕ್ಕೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ. ಕನ್ನಡದಲ್ಲಿ ‘ಆಕರ’ವೆಂದರೆ ಗಣಿಯೂ ಹೌದು, ಸಂಶೋಧಕನು ತನ್ನ ಮಾತಿಗೆ ಕೊಡಬೇಕಾದ ಆಧಾರವೂ ಹೌದು. ಎಡ್ವರ್ಡ್ ಜ್ವಿಕ್ ನಿರ್ದೇಶಿಸಿ 2006ರ ಡಿಸೆಂಬರಿನಲ್ಲಿ ತೆರೆಕಂಡ ‘ಬ್ಲಡ್ ಡೈಮಂಡ್’ ಚಿತ್ರವನ್ನು ಈ ಎರಡೂ ಅರ್ಥಗಳಲ್ಲಿ ಪರಿಶೀಲಿಸಲು ಅವಕಾಶವಿದೆ.

ಚಿತ್ರದ ಕಥೆ ನಡೆಯುವುದು 1999ರ ಸಿಯೆರಾ ಲಿಯೋನ್‌ನಲ್ಲಿ. ಸಾಲೊಮನ್ ವ್ಯಾಂಡಿ ಎಂಬ ಬೆಸ್ತನ ಹಳ್ಳಿಯ ಮೇಲೆ ಬಂಡುಕೋರರು ಎರಗುತ್ತಾರೆ. ಅವನ ಕೈ ಕಡಿಯಲು ಎತ್ತಿದ ಕತ್ತಿ ಕೊನೆಯ ಕ್ಷಣದಲ್ಲಿ ನಿಲ್ಲುತ್ತದೆ. ಅದಕ್ಕೆ ಕಾರಣ ಕರುಣೆಯಲ್ಲ. ಗಟ್ಟಿಮುಟ್ಟಾದ ಆಳು ವಜ್ರದ ಹೊಂಡದಲ್ಲಿ ದುಡಿಯಲು ಬೇಕು. ಅಲ್ಲಿ ಸಿಕ್ಕ ದೊಡ್ಡ ಗುಲಾಬಿ ಹರಳೊಂದನ್ನು ಅವನು ಮಣ್ಣಿನಲ್ಲಿ ಹೂತಿಡುತ್ತಾನೆ. ಅದರ ಸುದ್ದಿ ತಿಳಿದ ಡ್ಯಾನಿ ಆರ್ಚರ್ ಹಿಂದಿನ ರೊಡೇಶಿಯಾದಲ್ಲಿ ಹುಟ್ಟಿದವನು, ಒಮ್ಮೆ ಬಾಡಿಗೆ ಸೈನಿಕನಾಗಿದ್ದು ಈಗ ವಜ್ರಗಳ ಕಳ್ಳಸಾಗಣೆ ಮಾಡುವವನು. ಸಾಲೊಮನ್ನನ ಮಗ ದಿಯಾನನ್ನು ಬಂಡುಕೋರರು ಬಾಲಸೈನಿಕನನ್ನಾಗಿ ಮಾಡಿರುತ್ತಾರೆ. ಒಬ್ಬನಿಗೆ ಹರಳು ಬೇಕು, ಇನ್ನೊಬ್ಬನಿಗೆ ಮಗ ಬೇಕು. ಇವರೊಡನೆ ಅಮೆರಿಕದ ಪತ್ರಕರ್ತೆಯೊಬ್ಬಳು ಸೇರುತ್ತಾಳೆ. ಆರ್ಚರ್ ಪಾತ್ರದ ಲಿಯೊನಾರ್ಡೊ ಡಿಕ್ಯಾಪ್ರಿಯೊ, ಸಾಲೊಮನ್ ಪಾತ್ರದ ಜಿಮನ್ ಹೌನ್ಸೂ ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶಿತರಾದರು. ಚಿತ್ರೀಕರಣ ನಡೆದದ್ದು ಮಾತ್ರ ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್‌ಗಳಲ್ಲಿ.

ಚಿತ್ರಕ್ಕೆ ಹಿನ್ನೆಲೆಯಾದ ಚರಿತ್ರೆ ಬಂಡುಕೋರರಿಂದ ಆರಂಭವಾಗುವುದಿಲ್ಲ. ಸಿಯೆರಾ ಲಿಯೋನ್‌ನ ಪೂರ್ವಭಾಗದ ಕೋನೋ ಪ್ರದೇಶದಲ್ಲಿ ವಜ್ರ ಮೊದಲು ದೊರೆತದ್ದು 1930ರಲ್ಲಿ, ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ. 1935ರಲ್ಲಿ ವಸಾಹತು ಸರ್ಕಾರವು ಸಿಯೆರಾ ಲಿಯೋನ್ ಸೆಲೆಕ್ಷನ್ ಟ್ರಸ್ಟ್ ಎಂಬ ಒಂದೇ ಕಂಪನಿಗೆ ಇಡೀ ದೇಶದ ವಜ್ರದ ಹಕ್ಕನ್ನು 99 ವರ್ಷಗಳ ಅವಧಿಗೆ ಬರೆದುಕೊಟ್ಟಿತು. ಆದರೆ ಇಲ್ಲಿಯ ವಜ್ರ ಆಳವಾದ ಗಣಿಯೊಳಗೆ ಅಡಗಿರುವಂಥದ್ದಲ್ಲ. ನದಿಗಳು ಯುಗಯುಗಗಳಿಂದ ಹೊತ್ತು ತಂದು ಹರಡಿದ ಜಲ್ಲಿಯಲ್ಲಿ ಅದು ಚದುರಿಕೊಂಡಿದೆ. ಗುದ್ದಲಿ, ಜರಡಿ, ಮೊಣಕಾಲುದ್ದದ ನೀರು ಇಷ್ಟಿದ್ದರೆ ಯಾರು ಬೇಕಾದರೂ ಹುಡುಕಬಹುದು. ನೂರಾರು ಚದರ ಮೈಲಿಗಳ ಹೊಳೆದಂಡೆಗೆ ಬೇಲಿ ಹಾಕುವುದು ಯಾವ ಕಂಪನಿಗೂ ಸಾಧ್ಯವಿರಲಿಲ್ಲ. 1950ರ ದಶಕದಲ್ಲಿ ಸಾವಿರಾರು ಜನ ಹೊಲ ಬಿಟ್ಟು ಕೋನೋಗೆ ನುಗ್ಗಿದರು. ಕಾನೂನಿನ ಕಣ್ಣಿನಲ್ಲಿ ಅವರೆಲ್ಲ ಕಳ್ಳರು. ಅವರ ದೃಷ್ಟಿಯಲ್ಲಿ ಅದು ಅವರದೇ ನೆಲ. 1956ರಲ್ಲಿ ಸ್ಥಳೀಯರಿಗೆ ಪರವಾನಗಿ ಕೊಡುವ ವ್ಯವಸ್ಥೆ ಬಂದರೂ ಕಳ್ಳದಾರಿ ಮುಚ್ಚಲಿಲ್ಲ.

1961ರಲ್ಲಿ ದೇಶ ಸ್ವತಂತ್ರವಾಯಿತು. 1968ರಲ್ಲಿ ಅಧಿಕಾರ ಹಿಡಿದ ಸಿಯಾಕಾ ಸ್ಟೀವನ್ಸ್ ಮುಂದಿನ ಕೆಲವೇ ವರ್ಷಗಳಲ್ಲಿ ಕಂಪನಿಯ ಶೇ. 51ರಷ್ಟು ಪಾಲನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಅದು ಜನರ ಪಾಲಾಗಬೇಕಿತ್ತು, ಆಳುವವರ ಮತ್ತು ಅವರ ಆಪ್ತ ವರ್ತಕರ ಪಾಲಾಯಿತು. 1972ರಲ್ಲಿ 968.9 ಕ್ಯಾರೆಟ್ ತೂಕದ ‘ಸ್ಟಾರ್ ಆಫ್ ಸಿಯೆರಾ ಲಿಯೋನ್’ ದೊರೆತಾಗ ಜಗತ್ತು ಬೆರಗಾಯಿತು. ಆ ಹೊತ್ತಿಗಾಗಲೇ ದೇಶದ ಬೊಕ್ಕಸ ಸೋರಲಾರಂಭಿಸಿತ್ತು. ಇದಕ್ಕೆ ಅಂಕಿಗಳೇ ಸಾಕ್ಷಿ. ಅಧಿಕೃತ ವಜ್ರ ರಫ್ತು 1970ರಲ್ಲಿ 20 ಲಕ್ಷ ಕ್ಯಾರೆಟ್‌ಗಿಂತ ಹೆಚ್ಚಿತ್ತು, 1980ರಲ್ಲಿ 5,95,000ಕ್ಕೆ ಇಳಿಯಿತು, 1988ರಲ್ಲಿ ಕೇವಲ 48,000 ಆಯಿತು. ನೆಲದಲ್ಲಿ ವಜ್ರ ಬರಿದಾಗಿರಲಿಲ್ಲ, ಲೆಕ್ಕದಿಂದ ಹೊರಗೆ ಹೋಗುತ್ತಿತ್ತು. ಇದೆಲ್ಲ ನಡೆದದ್ದು ಒಂದು ಗುಂಡೂ ಹಾರುವುದಕ್ಕೆ ಮೊದಲು.

1991ರ ಮಾರ್ಚ್ 23ರಂದು ರೆವಲ್ಯೂಷನರಿ ಯುನೈಟೆಡ್ ಫ್ರಂಟ್‌ನ ಬಂಡುಕೋರರು ಲೈಬೀರಿಯಾದ ಗಡಿ ದಾಟಿ ಒಳನುಗ್ಗಿದರು. ಅವರ ನಾಯಕ ಫೋಡೇ ಸಾಂಕೋ, ಸೇನೆಯ ಮಾಜಿ ಕಾರ್ಪೊರಲ್. ಅವನ ಹಿಂದೆ ನಿಂತವನು ಲೈಬೀರಿಯಾದ ಚಾರ್ಲ್ಸ್ ಟೇಲರ್. ಮತದಾನಕ್ಕೆ ಹೋಗುವ ಕೈಗಳನ್ನೇ ಕಡಿಯುವ ಕ್ರೌರ್ಯ 1996ರ ಚುನಾವಣೆಯ ಸುತ್ತಮುತ್ತ ದೇಶವನ್ನು ನಡುಗಿಸಿತು. 1999ರ ಜನವರಿ 6ರಂದು ಬಂಡುಕೋರರು ರಾಜಧಾನಿ ಫ್ರೀಟೌನ್‌ಗೆ ನುಗ್ಗಿದರು. ಚಿತ್ರದಲ್ಲಿ ನಗರ ಉರಿಯುವ ದೃಶ್ಯಗಳು ನೆನಪಿಸುವುದು ಇದನ್ನೇ. ಅದೇ ಕಥಾನಕದಲ್ಲಿ ಚಿತ್ರ ಕೈಬಿಟ್ಟ ಪ್ರಸಂಗವೊಂದಿದೆ. 1999ರ ಜುಲೈ 7ರಂದು ಲೋಮೆಯಲ್ಲಿ ಆದ ಶಾಂತಿ ಒಪ್ಪಂದವು ಸಾಂಕೋಗೆ ಕ್ಷಮಾದಾನವನ್ನಷ್ಟೇ ಕೊಡಲಿಲ್ಲ. ದೇಶದ ಖನಿಜ ಸಂಪತ್ತಿನ ನಿರ್ವಹಣಾ ಆಯೋಗದ ಅಧ್ಯಕ್ಷ ಪದವಿಯನ್ನು, ಅದರೊಡನೆ ಉಪಾಧ್ಯಕ್ಷರ ಸ್ಥಾನಮಾನವನ್ನು ಕೊಟ್ಟಿತು. ವಜ್ರವನ್ನು ಕೊಳ್ಳೆ ಹೊಡೆದವನನ್ನೇ ವಜ್ರದ ಪಾರುಪತ್ಯಕ್ಕೆ ನೇಮಿಸಿದ ಈ ಪ್ರಸಂಗವನ್ನು ಯಾವ ಚಿತ್ರಕಥೆಗಾರ ಕಲ್ಪಿಸಿದ್ದರೂ ಉತ್ಪ್ರೇಕ್ಷೆ ಎನಿಸುತ್ತಿತ್ತು.

ಮರುವರ್ಷದ ಮೇ ತಿಂಗಳಿನಲ್ಲಿ ಒಪ್ಪಂದ ಮುರಿದುಬಿತ್ತು. ಬಂಡುಕೋರರು ವಿಶ್ವಸಂಸ್ಥೆಯ ಸುಮಾರು 500 ಶಾಂತಿಪಾಲಕರನ್ನು ಸೆರೆಹಿಡಿದರು. ಆಗ ಆ ಪಡೆಯ ದಂಡನಾಯಕರಾಗಿದ್ದವರು ಭಾರತದ ಮೇಜರ್ ಜನರಲ್ ವಿ. ಕೆ. ಜೆಟ್ಲಿ. ಕೈಲಾಹುನ್‌ನಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆಗೆ ಒಳಗಾಗಿದ್ದ ಗೂರ್ಖಾ ಯೋಧರನ್ನು ಜುಲೈನಲ್ಲಿ ‘ಆಪರೇಷನ್ ಖುಕ್ರಿ’ಯ ಮೂಲಕ ಬಿಡಿಸಲಾಯಿತು. ಭಾರತದಲ್ಲಿ ಈ ಯುದ್ಧದ ನೆನಪು ಉಳಿದಿರುವುದು ಹೆಚ್ಚಾಗಿ ಈ ಸಾಹಸದ ರೂಪದಲ್ಲಿಯೇ. ಆ ಯುದ್ಧಕ್ಕೆ ಹಣ ಒದಗಿಸಿದ ಹರಳುಗಳೊಡನೆ ಭಾರತಕ್ಕಿದ್ದ ಇನ್ನೊಂದು ನಂಟು ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಆ ನಂಟನ್ನು ಅರಿಯಲು ಹರಳಿನ ದಾರಿಯನ್ನು ಹಿಂಬಾಲಿಸಬೇಕು. ಚಿತ್ರದ ಆರ್ಚರ್ ವಜ್ರಗಳನ್ನು ಲೈಬೀರಿಯಾಕ್ಕೆ ಸಾಗಿಸಲು ಹೋಗಿ ಸಿಕ್ಕಿಬೀಳುತ್ತಾನೆ. ಈ ವಿವರ ಚರಿತ್ರೆಗೆ ತೀರ ಹತ್ತಿರವಾದುದು. ಇಯಾನ್ ಸ್ಮಿಲಿ, ಲನ್ಸಾನಾ ಗ್ಬೆರಿ, ರಾಲ್ಫ್ ಹೇಜಲ್‌ಟನ್ ಬರೆದು 2000ದ ಜನವರಿಯಲ್ಲಿ ಪಾರ್ಟ್‌ನರ್‌ಷಿಪ್ ಆಫ್ರಿಕಾ ಕೆನಡಾ ಪ್ರಕಟಿಸಿದ ವರದಿ ಒಂದು ಸರಳ ಲೆಕ್ಕವನ್ನು ಮುಂದಿಟ್ಟಿತು. ಲೈಬೀರಿಯಾದ ನೆಲದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದರಿಂದ ಒಂದೂವರೆ ಲಕ್ಷ ಕ್ಯಾರೆಟ್ ವಜ್ರ ದೊರೆಯಬಹುದು. 1994ರಿಂದ 1998ರವರೆಗೆ ಲೈಬೀರಿಯಾದಿಂದ ಬೆಲ್ಜಿಯಂಗೆ ಬಂದುದೆಂದು ದಾಖಲಾದ ವಜ್ರ 3 ಕೋಟಿ 10 ಲಕ್ಷ ಕ್ಯಾರೆಟ್‌ಗೂ ಹೆಚ್ಚು. ಬೆಳೆಯದ ಹೊಲದಿಂದ ಸುಗ್ಗಿ ಬಂದಂತೆ! ಆಂಟ್ವರ್ಪ್‌ನ ದಾಖಲೆಯಲ್ಲಿ ಎಲ್ಲವೂ ಕ್ರಮಬದ್ಧವಾಗಿತ್ತು. ಆಕರ ಮಾತ್ರ ಸುಳ್ಳಾಗಿತ್ತು. ಈ ಯುದ್ಧದ ಬಗೆಗಿನ ಬರವಣಿಗೆಯಲ್ಲಿ ಛಿದ್ರಗೊಂಡ ದೇಹಗಳ ಚಿತ್ರಗಳಷ್ಟೇ ಪರಿಣಾಮ ಬೀರಿದ್ದು ಈ ಒಂದು ಭಾಗಾಕಾರ.

ಇದರ ಫಲವಾಗಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ 2000ದ ಮೇ ತಿಂಗಳಿನಲ್ಲಿ ಮಾತುಕತೆ ಆರಂಭವಾಗಿ, 2003ರ ಜನವರಿ 1ರಿಂದ ಕಚ್ಚಾ ವಜ್ರಗಳಿಗೆ ಪ್ರಮಾಣಪತ್ರದ ವ್ಯವಸ್ಥೆ ಜಾರಿಗೆ ಬಂತು. ಅದರ ಪ್ರಕಾರ ‘ಸಂಘರ್ಷದ ವಜ್ರ’ವೆಂದರೆ ಕಾನೂನುಬದ್ಧ ಸರ್ಕಾರಗಳನ್ನು ಬುಡಮೇಲು ಮಾಡಲು ಬಂಡುಕೋರರು ಬಳಸುವ ಕಚ್ಚಾ ವಜ್ರ. ಈ ವ್ಯಾಖ್ಯೆಯನ್ನು ಪದಪದವಾಗಿ ಓದಬೇಕು. ಸರ್ಕಾರವೇ ಜನರನ್ನು ಹಿಂಸಿಸಿ ತೆಗೆಸಿದ ವಜ್ರ ಇದರೊಳಗೆ ಬರುವುದಿಲ್ಲ. ಜಿಂಬಾಬ್ವೆಯ ಮರಾಂಗೆ ಪ್ರದೇಶದಲ್ಲಿ 2008ರಲ್ಲಿ ಸರ್ಕಾರಿ ಪಡೆಗಳು ಅಗೆಯುವವರನ್ನು ಕೊಂದ ಪ್ರಕರಣದಲ್ಲಿ ಈ ಕೊರತೆ ಬಯಲಾಯಿತು. ಈ ವ್ಯವಸ್ಥೆಗಾಗಿ ಹೋರಾಡಿದ ಗ್ಲೋಬಲ್ ವಿಟ್ನೆಸ್ ಸಂಸ್ಥೆಯೇ 2011ರಲ್ಲಿ ಅದರಿಂದ ಹೊರನಡೆಯಿತು.

ಇನ್ನೊಂದು ಪದ ‘ಕಚ್ಚಾ’. ಸಾಣೆ ಹಿಡಿದ ಹರಳಿಗೆ ಕಿಂಬರ್ಲಿ ಪ್ರಮಾಣಪತ್ರ ಬೇಕಿಲ್ಲ. ಜಗತ್ತಿನ ಹೆಚ್ಚಿನ ಹರಳುಗಳು ಸಾಣೆಗೊಳ್ಳುವುದು ಗುಜರಾತಿನ ಸೂರತ್‌ನಲ್ಲಿ. ಹಲವು ದೇಶಗಳ ಹರಳುಗಳು ಗಾತ್ರ, ಬಣ್ಣಗಳಿಗೆ ತಕ್ಕಂತೆ ಬೆರೆತು ವಿಂಗಡಗೊಳ್ಳುವಲ್ಲಿ ಆಕರದ ಗುರುತು ಸುಲಭವಾಗಿ ಅಳಿಯುತ್ತದೆ. ಈ ವ್ಯಾಪಾರದಲ್ಲಿ, ಸೂರತ್‌ನಿಂದ ಆಂಟ್ವರ್ಪ್‌ವರೆಗೆ, ಪಾಲನ್‌ಪುರ ಮೂಲದ ಜೈನ ವರ್ತಕರ ಪಾತ್ರ ಹಿರಿದು. ಹಾಗಾಗಿ ಇಲ್ಲೊಂದು ಮಾತು ಅಪ್ರಸ್ತುತವಾಗದು. ತತ್ತ್ವಾರ್ಥಸೂತ್ರವು ಅಚೌರ್ಯ ವ್ರತದ ಅತಿಚಾರಗಳನ್ನು ಎಣಿಸುವಾಗ ತಾನೇ ಕದಿಯುವುದನ್ನು ಹೇಳಿ ಸುಮ್ಮನಾಗುವುದಿಲ್ಲ. ಕದ್ದು ತಂದುದನ್ನು ಕೊಳ್ಳುವುದು ‘ತದಾಹೃತಾದಾನ’, ರಾಜ್ಯದ ನಿಷೇಧವನ್ನು ಮೀರಿ ವ್ಯವಹರಿಸುವುದು ‘ವಿರುದ್ಧರಾಜ್ಯಾತಿಕ್ರಮ’. ಕೊಳ್ಳುವವನು ಆಕರವನ್ನು ವಿಚಾರಿಸಬೇಕೆಂಬ ಹೊಣೆ ಇಲ್ಲಿ ಅಡಕವಾಗಿದೆ. ಚಿತ್ರವು ಲಂಡನ್ನಿನ ಕಲ್ಪಿತ ಕಂಪನಿಯನ್ನೂ ಅಮೆರಿಕದ ಗ್ರಾಹಕರನ್ನೂ ಕಟಕಟೆಗೆ ತರುತ್ತದೆ.

ಚಿತ್ರದ ಚಾರಿತ್ರಿಕ ಸ್ಖಲನಗಳಲ್ಲಿ ಒಂದು ಸಣ್ಣದು. ದಕ್ಷಿಣ ಆಫ್ರಿಕಾದ ಬಾಡಿಗೆ ಪಡೆ ಎಕ್ಸಿಕ್ಯೂಟಿವ್ ಔಟ್‌ಕಮ್ಸ್ ಕೋನೋವನ್ನು ಬಂಡುಕೋರರಿಂದ ಬಿಡಿಸಿದ್ದು 1995ರಲ್ಲಿ. ಅದನ್ನು ನೆನಪಿಸುವ ಹೆಲಿಕಾಪ್ಟರ್ ದಾಳಿಯನ್ನು ಚಿತ್ರ 1999ಕ್ಕೆ ತಂದಿದೆ. ಕಥೆಗಾಗಿ ಇಷ್ಟು ಸ್ವಾತಂತ್ರ್ಯ ಸಲ್ಲುತ್ತದೆ. ದೊಡ್ಡದು ಕಾರಣವನ್ನು ಕುರಿತದ್ದು. ಚಿತ್ರದಲ್ಲಿ ಹಿಂಸೆಯ ಮೂಲ ಆ ಹರಳೇ. ಹಳ್ಳಿಯ ಮುದುಕನೊಬ್ಬನಂತೂ ತಮ್ಮ ನೆಲದಲ್ಲಿ ತೈಲ ಸಿಗದಿದ್ದರೆ ಸಾಕೆಂದು ನಿಟ್ಟುಸಿರಿಡುತ್ತಾನೆ. ಆದರೆ ಯುದ್ಧಾನಂತರ ನೇಮಕವಾದ ಸತ್ಯ ಮತ್ತು ಸಾಮರಸ್ಯ ಆಯೋಗವು 2004ರ ತನ್ನ ವರದಿಯಲ್ಲಿ ಬೇರೆಯೇ ನಿರ್ಣಯಕ್ಕೆ ಬಂದಿದೆ: ವಜ್ರ ಯುದ್ಧವನ್ನು ಪೋಷಿಸಿತು, ಹುಟ್ಟಿಸಲಿಲ್ಲ; ಹುಟ್ಟಿಸಿದ್ದು ದಶಕಗಳ ದುರಾಡಳಿತ, ಭ್ರಷ್ಟಾಚಾರ ಮತ್ತು ಜನರ ಹಕ್ಕುಗಳ ನಿರಾಕರಣೆ. ಅದೇ ಖಂಡದ ಬೋಟ್ಸ್‌ವಾನಾದ ಒರಾಪಾದಲ್ಲಿ 1967ರಲ್ಲಿ ವಜ್ರ ದೊರೆಯಿತು. ಅಲ್ಲಿ ಅಂತರ್ಯುದ್ಧ ನಡೆಯಲಿಲ್ಲ. ಅಲ್ಲಿಯ ಗಣಿ ಬೇಲಿ ಹಾಕಬಹುದಾದಂಥದ್ದು ಎಂಬುದು ನಿಜ. ಆದರೆ ಬೇಲಿಯೊಳಗಿನದನ್ನು ಶಾಲೆಗೂ ರಸ್ತೆಗೂ ವಿನಿಯೋಗಿಸುವ ನಿರ್ಧಾರ ಭೂಗರ್ಭದಿಂದ ಬಂದದ್ದಲ್ಲ. ಹರಳನ್ನು ಖಳನಾಯಕನನ್ನಾಗಿ ಮಾಡಿದ ಚಿತ್ರದಲ್ಲಿ 1935ರ ಕರಾರಾಗಲಿ, ಸ್ಟೀವನ್ಸ್ ಆಗಲಿ, 48,000 ಕ್ಯಾರೆಟ್‌ಗಳ ಆ ಅಂಕಿಯಾಗಲಿ ಕಾಣುವುದಿಲ್ಲ.

ಯುದ್ಧ ಮುಗಿಯಿತೆಂದು ಘೋಷಣೆಯಾದದ್ದು 2002ರ ಜನವರಿಯಲ್ಲಿ. ಸಾಂಕೋ ತೀರ್ಪಿಗೆ ಮೊದಲೇ 2003ರಲ್ಲಿ ಬಂಧನದಲ್ಲಿ ಸತ್ತ. ಟೇಲರ್‌ಗೆ ವಿಶೇಷ ನ್ಯಾಯಾಲಯ 2012ರಲ್ಲಿ 50 ವರ್ಷಗಳ ಸೆರೆವಾಸ ವಿಧಿಸಿತು.

ಚಿತ್ರದ ಕೊನೆಯಲ್ಲಿ ಕಿಂಬರ್ಲಿಯ ಸಭಾಂಗಣಕ್ಕೆ ಸಾಲೊಮನ್ ಬರುತ್ತಾನೆ. ಸಭೆ ಎದ್ದುನಿಂತು ಚಪ್ಪಾಳೆ ತಟ್ಟುತ್ತದೆ. ಅವನು ಬಾಯಿ ತೆರೆಯುವ ಮೊದಲೇ ಚಿತ್ರ ಮುಗಿಯುತ್ತದೆ. ಸಿಯೆರಾ ಲಿಯೋನ್‌ನ ಆಯೋಗದ ಮುಂದೆ ಏಳು ಸಾವಿರಕ್ಕೂ ಹೆಚ್ಚು ಜನ ತಮ್ಮ ಹೇಳಿಕೆಗಳನ್ನು ಕೊಟ್ಟಿದ್ದಾರೆ. ಕೈ ಕಳೆದುಕೊಂಡವರು, ಕೈ ಕಡಿದವರು, ಬಂದೂಕು ಹೊತ್ತ ಮಕ್ಕಳು ಆಡಿದ ಮಾತುಗಳು ಅಲ್ಲಿ ದಾಖಲಾಗಿವೆ. ದಿಯಾನಂಥ ಹುಡುಗರು ತಾವೇ ಓದಿಕೊಳ್ಳಲೆಂದು ಅದೇ ವರದಿಯ ಇನ್ನೊಂದು ಆವೃತ್ತಿಯನ್ನು ಮಕ್ಕಳಿಗಾಗಿ ಸರಳ ಭಾಷೆಯಲ್ಲಿ ಸಿದ್ಧಪಡಿಸಲಾಯಿತು.