ಕಿತ್ತಳೆ ಗಿಡದ ಆರೈಕೆ, ಪಂಪಾಸ್ ಹುಲ್ಲಿನ ಆರೈಕೆ: ಒಂದು ಹಳೆಯ ಲೆಕ್ಕ

ಹೋದ ತಿಂಗಳು ಸಂಬಂಧಿಕರ ಮದುವೆಗೆ ಅಂತ ಬೆಂಗಳೂರಿಗೆ ಹೋಗಿದ್ವಿ. ಮಂಟಪದ ಹಿಂದೆ ಹೂವಿಗಿಂತ ಜಾಸ್ತಿ ಒಣಗಿದ ಹುಲ್ಲಿನ ತೆನೆಗಳೇ ಇದ್ವು. ಕೆನೆ ಬಣ್ಣ, ನರಿ ಬಾಲದ ಹಾಗೆ ಮೆತ್ತಗೆ. ಮಗಳು ಕೈ ತೋರಿಸಿ, "ಅಪ್ಪಾ, ಇದು ಪಂಪಾಸ್ ಹುಲ್ಲು. ಕಡ್ಡಿ ಲೆಕ್ಕದಲ್ಲಿ ಮಾರ್ತಾರೆ" ಅಂದಳು. ಮನೆಗೆ ಬಂದ ಮೇಲೂ ಬಿಡಲಿಲ್ಲ. "ಕಿತ್ತಳೆ ಹೋಗಿರೋ ಒಂದು ಎಕರೆ ಖಾಲಿ ಬಿದ್ದಿದೆಯಲ್ಲ, ಅಲ್ಲಿ ಹಾಕೋಣ. ನೀರು ಬೇಡ, ಔಷಧಿ ಬೇಡ, ಆಳು ಬೇಡ."

ಅವಳ ಮಾತು ತೆಗೆದುಹಾಕುವಂಥದ್ದಲ್ಲ. ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಕಾಫಿ ನಡುವೆ ಕೊಡಗಿನ ಕಿತ್ತಳೆ ಇದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಬೇರು ಕೊಳೆಯೋದು, ತುದಿ ಒಣಗೋದು, ಗ್ರೀನಿಂಗ್ ರೋಗ, ಒಂದರ ಹಿಂದೆ ಒಂದು ಬಂತು. ಬುಡದಲ್ಲಿ ನೀರು ನಿಲ್ಲಬಾರದು, ಬೇಸಿಗೆಯಲ್ಲಿ ನೀರು ತಪ್ಪಬಾರದು. ಚಿಗುರು ಬಂದಾಗ ಸಿಲ್ಲಾ ಕೀಟ ನೋಡಬೇಕು, ಒಣಗಿದ ರೆಂಬೆ ಕತ್ತರಿಸಬೇಕು, ಮಳೆಗಾಲಕ್ಕೆ ಮುಂಚೆ ಕಾಂಡಕ್ಕೆ ಬೋರ್ಡೋ ಪೇಸ್ಟ್ ಬಳಿಯಬೇಕು. ಇಷ್ಟು ಮಾಡಿಯೂ ಕಣ್ಣೆದುರಿಗೇ ಗಿಡಗಳು ಹೋದವು. ಹಾಗಿದ್ದ ಮೇಲೆ ಏನೂ ಕೇಳದ ಹುಲ್ಲು ಯಾಕೆ ಬೇಡ?

ಉತ್ತರ ಹುಡುಕ್ತಾ ಓದೋಕೆ ಕೂತೆ. ಓದಿದ್ರೆ ಒಂದು ವಿಚಿತ್ರ ಸಿಕ್ಕಿತು. ನಮ್ಮ ಮನೆಯ ಈ ಜಗಳ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಗಲೇ ನಡೆದುಹೋಗಿದೆ. ಕಿತ್ತಳೆಯೂ ಪಂಪಾಸ್ ಹುಲ್ಲೂ ಅಲ್ಲಿ ಒಂದೇ ದಶಕದಲ್ಲಿ, ಅಂದ್ರೆ 1870ರ ದಶಕದಲ್ಲಿ, ರೈತರ ದುಡ್ಡಿನ ಬೆಳೆಯಾಗಿ ಕಾಲೂರಿದವು. ಎರಡೂ ದಕ್ಷಿಣ ಅಮೆರಿಕದಿಂದಲೇ ಬಂದವು.

ಮೊದಲು ಕಿತ್ತಳೆ ಕಥೆ. ಬ್ರೆಜಿಲ್‌ನ ಬಾಹಿಯಾದಲ್ಲಿ ಹೊಕ್ಕುಳು ಇರುವ, ಬೀಜವಿಲ್ಲದ ಒಂದು ಕಿತ್ತಳೆ ಇತ್ತು. 1870ರಲ್ಲಿ ಅದರ ಕಸಿ ಗಿಡಗಳು ವಾಷಿಂಗ್ಟನ್‌ನ ಕೃಷಿ ಇಲಾಖೆಗೆ ಬಂದವು. ಅಲ್ಲಿನ ತೋಟದ ಮುಖ್ಯಸ್ಥ ವಿಲಿಯಂ ಸಾಂಡರ್ಸ್ ಅವುಗಳಿಂದ ಹೊಸ ಗಿಡ ಮಾಡಿ, 1873ರಲ್ಲಿ ರಿವರ್‌ಸೈಡ್ ಅನ್ನೋ ಹೊಸ ಊರಿನ ಎಲೈಜಾ ಟಿಬೆಟ್ಸ್ ಎಂಬ ಹೆಂಗಸಿಗೆ ಕಳಿಸಿದ. ಆಕೆ ಅವನ್ನು ಮನೆ ಅಂಗಳದಲ್ಲಿ ನೆಟ್ಟಳು. ಪಾತ್ರೆ ತೊಳೆದ ನೀರು ಹಾಕಿ ಬದುಕಿಸಿದಳು ಅಂತ ಅಲ್ಲಿನ ಜನ ಈಗಲೂ ಕಥೆ ಹೇಳ್ತಾರೆ. ಹಣ್ಣು ಕಂಡವರೆಲ್ಲ ಕಣ್ಣುಕಸಿಗೆ ಕಡ್ಡಿ ಕೇಳಿದರು. ಕ್ಯಾಲಿಫೋರ್ನಿಯಾದ ದೊಡ್ಡ ಕಿತ್ತಳೆ ಉದ್ಯಮ ಬೆಳೆದದ್ದು ಈ ಅಂಗಳದ ಗಿಡಗಳಿಂದ.

ಇಲ್ಲಿ ಒಂದು ಮಾತು ಗಮನಿಸಿ. ಬೀಜ ಇಲ್ಲದ ಹಣ್ಣು ತಾನಾಗಿ ಹುಟ್ಟೋದಿಲ್ಲ. ಒಬ್ಬರು ಚಾಕು ಹಿಡಿದು ಕಣ್ಣು ಎಬ್ಬಿಸಿ ಇನ್ನೊಂದು ಗಿಡಕ್ಕೆ ಕಟ್ಟಿದರೆ ಮಾತ್ರ ಮುಂದಿನ ಗಿಡ. ಒಂದು ತಲೆಮಾರು ಕಸಿ ಕಟ್ಟೋದು ಬಿಟ್ಟರೆ ತಳಿಯೇ ಮುಗೀತು.

ಸಂಕಟಗಳೂ ಬಂದವು. 1880ರ ದಶಕದಲ್ಲಿ ಆಸ್ಟ್ರೇಲಿಯಾ ಮೂಲದ ಬಿಳಿ ಹತ್ತಿಯಂಥ ಶಲ್ಕ ಕೀಟ ತೋಟಗಳನ್ನು ತಿಂದುಹಾಕ್ತಿತ್ತು. ಗಿಡಗಳನ್ನೇ ಕಿತ್ತು ಸುಟ್ಟವರಿದ್ದರು. 1888ರಲ್ಲಿ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಾಕ್ಕೇ ಹೋಗಿ ಆ ಕೀಟವನ್ನು ತಿನ್ನುವ ಕೆಂಪು ಗುಲಗಂಜಿ ಹುಳುಗಳನ್ನು ಕಳಿಸಿದ. ಒಂದೆರಡು ವರ್ಷದಲ್ಲಿ ತೋಟ ಉಳಿಯಿತು. ಇದೇ ಹುಳುವನ್ನು ಮುಂದೆ ನಮ್ಮ ಪಕ್ಕದ ನೀಲಗಿರಿಗೂ ಇದೇ ಕೆಲಸಕ್ಕೆ ತಂದರು.

ಟಿಬೆಟ್ಸ್ ಅಂಗಳದ ಒಂದು ಮರ ಇವತ್ತಿಗೂ ರಿವರ್‌ಸೈಡ್‌ನಲ್ಲಿದೆ. 1902ರಲ್ಲಿ ಅದನ್ನು ಎತ್ತಿ ಬೇರೆ ಜಾಗದಲ್ಲಿ ನೆಟ್ಟರು. ಬುಡ ಕೊಳೆಯೋಕೆ ಶುರುವಾದಾಗ, 1918ರಲ್ಲಿ, ಸುತ್ತಲೂ ಸಸಿ ನೆಟ್ಟು ಅವುಗಳ ತಲೆಯನ್ನು ಹಳೆ ಕಾಂಡದ ತೊಗಟೆಗೆ ಸೇರಿಸಿ ಕಟ್ಟಿದರು. ಅಂದ್ರೆ ಮುದುಕನಿಗೆ ಹೊಸ ಕಾಲು ಕೊಟ್ಟ ಹಾಗೆ. ಈಗ ಗ್ರೀನಿಂಗ್ ಭಯಕ್ಕೆ ಅದರ ಸುತ್ತ ಸೊಳ್ಳೆಪರದೆಯಂಥ ಬಲೆ ಮನೆ ಕಟ್ಟಿದ್ದಾರೆ. 150 ವರ್ಷದಲ್ಲಿ ಅದನ್ನು ನೋಡಿಕೊಂಡ ಕೈಗಳು ಎಷ್ಟೋ.

ಈಗ ಹುಲ್ಲಿನ ಕಥೆ. ಪಂಪಾಸ್ ಅಂದ್ರೆ ಅರ್ಜೆಂಟೀನಾ ಕಡೆಯ ಬಯಲು; ಹುಲ್ಲಿಗೆ ಆ ಹೆಸರೇ ಬಂತು. ಸಾಂಟಾ ಬಾರ್ಬರಾ ಪಕ್ಕದ ಗೊಲೀಟಾದಲ್ಲಿ ಜೋಸೆಫ್ ಸೆಕ್ಸ್‌ಟನ್ ಎಂಬ ನರ್ಸರಿಯವನು 1870ರ ದಶಕದಲ್ಲಿ ಇದನ್ನು ಬೆಳೆದ. ಹೆಣ್ಣು ಗಿಡದ ತೆನೆಯೇ ಹೆಚ್ಚು ರೇಷ್ಮೆಯಂತೆ ಇರುತ್ತೆ ಅಂತ ಕಂಡುಕೊಂಡು, ಬುಡ ಒಡೆದು ಅದನ್ನೇ ಹೆಚ್ಚಿಸಿದ. ತೆನೆ ಪೂರ್ತಿ ಬಿಚ್ಚೋ ಮುಂಚೆ ಕೊಯ್ದು, ಸಿಪ್ಪೆ ಸುಲಿದು, ಬಿಸಿಲಿಗೆ ಒಣಗಿಸಿದರೆ ಅರಳಿಕೊಳ್ಳುತ್ತೆ. ಯುರೋಪಿನ ಶ್ರೀಮಂತರ ಮನೆ ಹೂದಾನಿಗಳಿಗೆ ಹಡಗಿನಲ್ಲಿ ಹೋಗ್ತಿತ್ತು.

ಈ ಬೆಳೆಯಿಂದ ಬದುಕಿ ಉಳಿದವರೂ ಇದ್ದಾರೆ. ಹ್ಯಾರಿಯೆಟ್ ಸ್ಟ್ರಾಂಗ್ ಅಂತ ಒಬ್ಬ ಹೆಂಗಸು. 1883ರಲ್ಲಿ ಗಂಡ ಆತ್ಮಹತ್ಯೆ ಮಾಡಿಕೊಂಡ. ಸಾಲ, ನಾಲ್ಕು ಹೆಣ್ಣುಮಕ್ಕಳು ಆಕೆಯ ಪಾಲಿಗೆ ಬಂದವು. ಆಕೆ ಅಕ್ರೋಟು ನೆಟ್ಟಳು. ಅದು ಫಲ ಕೊಡೋದು ತಡ ಅಲ್ವಾ, ಅದಕ್ಕೆ ಪಂಪಾಸ್ ಹುಲ್ಲನ್ನೂ ಬೆಳೆದು ತೆನೆ ಮಾರಿದಳು. 1893ರ ಶಿಕಾಗೋ ವಸ್ತುಪ್ರದರ್ಶನದಲ್ಲಿ ಪಂಪಾಸ್ ತೆನೆಗಳದ್ದೇ ಒಂದು ಅರಮನೆ ಮಾಡಿ ಇಟ್ಟಿದ್ದಳು. ಇದನ್ನು ಓದಿದಾಗ ಮಗಳ ಮಾತು ಇನ್ನೂ ಭಾರವಾಯ್ತು. ಕಷ್ಟದಲ್ಲಿರೋ ಸಂಸಾರಕ್ಕೆ ಹುಲ್ಲು ಆಸರೆಯಾಗಿದ್ದು ನಿಜ.

ಆದರೆ ಫ್ಯಾಷನ್ ಹೋಯ್ತು, ಬೆಲೆ ಬಿತ್ತು. ಬೆಲೆ ಬಿದ್ದ ಕಿತ್ತಳೆ ತೋಟಕ್ಕೆ ನೀರು ನಿಲ್ಲಿಸಿದರೆ ನಾಲ್ಕಾರು ವರ್ಷದಲ್ಲಿ ಒಣಗುತ್ತೆ. ಹುಲ್ಲು ಹಾಗಲ್ಲ. ಒಂದು ತೆನೆಯಲ್ಲಿ ಲಕ್ಷದವರೆಗೂ ಬೀಜ, ಗಾಳಿಯಲ್ಲಿ ಮೈಲಿಗಟ್ಟಲೆ ಹಾರುತ್ತೆ. ಗಂಡು ಹೆಣ್ಣು ಬೇರೆ ಬೇರೆ ಇದ್ದಾಗಲೇ ಈ ಪಾಡು. ಅಲಂಕಾರಕ್ಕೆ ಅಂತಲೇ ತಂದ ಇದರ ಹತ್ತಿರದ ಜಾತಿ, ಆಂಡಿಸ್ ಬೆಟ್ಟದ ಜುಬಾಟಾ, ಪರಾಗವೇ ಇಲ್ಲದೆ ಬೀಜ ಕಟ್ಟುತ್ತೆ. ಕ್ಯಾಲಿಫೋರ್ನಿಯಾ ಕರಾವಳಿಯ ಗುಡ್ಡ, ಮರ ಕಡಿದ ಕಾಡು, ರಸ್ತೆ ಬದಿ ಎಲ್ಲ ಇದೇ. ಎಲೆ ಅಂಚು ಗರಗಸದ ಹಾಗೆ ಕೈ ಕೊಯ್ಯುತ್ತೆ. ಒಣ ಗರಿ ಬುಡದಲ್ಲೇ ರಾಶಿ ಬಿದ್ದು ಬೆಂಕಿಗೆ ಆಹಾರ. ಬುಡ ಸಮೇತ ಅಗೆದು ತೆಗೆಯದಿದ್ದರೆ ಮತ್ತೆ ಚಿಗುರುತ್ತೆ. ನ್ಯೂಜಿಲೆಂಡ್‌ನಲ್ಲಿ ಇದನ್ನು ಮಾರೋದೂ ಬೆಳೆಸೋದೂ ನಿಷಿದ್ಧ.

ಅಂದ್ರೆ ಆರೈಕೆಯ ಲೆಕ್ಕ ಹೀಗೆ ಕೂರುತ್ತೆ. ಕಿತ್ತಳೆಗೆ ಖರ್ಚು ಮೊದಲು, ಪ್ರತಿ ವರ್ಷ, ನೆಟ್ಟವನದೇ ಜೇಬಿನಿಂದ. ಹುಲ್ಲಿನ ಖರ್ಚು ಕೊನೆಗೆ, ಒಟ್ಟಿಗೆ, ಅದೂ ನೆಡದೇ ಇದ್ದ ಪಕ್ಕದವನಿಗೆ. ಹುಲ್ಲಿಗೂ ಆರೈಕೆ ಬೇಕು. ತೆನೆ ಬಿಚ್ಚೋ ಮುಂಚೆ ಒಂದೂ ಬಿಡದೆ ಕೊಯ್ಯೋದೇ ಅದರ ಆರೈಕೆ. ಬೆಲೆ ಇಲ್ಲದ ವರ್ಷ ಅದನ್ನು ಯಾರು ಮಾಡ್ತಾರೆ?

ಇದು ನಮಗೆ ಹೊಸ ಪಾಠವೇನಲ್ಲ. ಲಂಟಾನಾ ಕೂಡ 1800ರ ದಶಕದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಚಂದದ ಹೂಗಿಡ ಅಂತಲೇ ಬಂದದ್ದು. ಇವತ್ತು ನಮ್ಮ ಕಾಡಂಚಿಗೆ ಹೋಗಿ ನೋಡಿ, ಕಾಲಿಡೋಕೆ ಜಾಗ ಇಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಪೂರ್ತಿ ಕೇಳಿದಳು. ಆಮೇಲೆ, "ಸರಿ ಅಪ್ಪಾ, ಹುಲ್ಲು ಬೇಡ. ಆದ್ರೆ ಕಿತ್ತಳೆಗೂ ಪರದೆ ಕಟ್ಟಿದ್ದಾರೆ ಅಂತ ನೀವೇ ಹೇಳಿದ್ರಿ. ಫ್ಲೋರಿಡಾದಲ್ಲಿ ಏನಾಯ್ತು?" ಅಂದಳು. ಅಲ್ಲಿ 2005ರಲ್ಲಿ ಗ್ರೀನಿಂಗ್ ಕಂಡ ಮೇಲೆ ಇಪ್ಪತ್ತು ವರ್ಷದಲ್ಲಿ ಕಿತ್ತಳೆ ಇಳುವರಿ ಹತ್ತರಲ್ಲಿ ಒಂದು ಪಾಲಿಗೆ ಇಳಿದಿದೆ. ಅದನ್ನೂ ಮುಚ್ಚಿಡದೆ ಹೇಳಿದೆ. ಆರೈಕೆ ಮಾಡಿದ್ರೆ ಉಳಿದೇ ಉಳಿಯುತ್ತೆ ಅನ್ನೋ ಗ್ಯಾರಂಟಿ ನನ್ನ ಹತ್ತಿರ ಇಲ್ಲ.

ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು. ಪೂರ್ತಿ ಎಕರೆಗೆ ಕಿತ್ತಳೆ ಹಾಕೋ ಧೈರ್ಯ ಇಲ್ಲ. ಅರ್ಧಕ್ಕೆ ಕಾಫಿ, ಮೆಣಸು. ಉಳಿದ ಕಡೆ, ನೀರು ಬಸಿಯೋ ಇಳಿಜಾರಿನಲ್ಲಿ, ರೋಗ ಇಲ್ಲ ಅಂತ ಪರೀಕ್ಷೆ ಆದ ಇಪ್ಪತ್ತು ಕಸಿ ಗಿಡ, ಮಳೆ ಹಿಡಿದ ಮೇಲೆ. ಚಿಗುರು ನೋಡೋ ಕೆಲಸ ಮಗಳದು, ವಾರಕ್ಕೊಮ್ಮೆ, ಪುಸ್ತಕದಲ್ಲಿ ಬರೆದಿಡಬೇಕು. ಮನೆ ಹಿಂದೆ ಹಳೇ ಕಿತ್ತಳೆ ಮರ ಒಂದು ಇನ್ನೂ ಹಣ್ಣು ಬಿಡ್ತಿದೆ. ಅದನ್ನೂ ಮೊದಲು ಪರೀಕ್ಷೆ ಮಾಡಿಸಬೇಕು. ಶುದ್ಧ ಅಂತ ಬಂದ್ರೆ ಅದರ ಕಡ್ಡಿಯಿಂದ ಅವಳಿಗೆ ಕಸಿ ಕಲಿಸ್ತೀನಿ. ಕೈ ಇನ್ನೂ ನಡುಗ್ತಿಲ್ಲ, ಈಗಲೇ ಕಲಿಸಬೇಕು.

ನಿಮ್ಮ ತೋಟದಲ್ಲಿ ಹಳೇ ಕಿತ್ತಳೆ ಮರ ಉಳಿದಿದ್ರೆ, ಎಷ್ಟು ವರ್ಷದ್ದು, ಬುಡಕ್ಕೆ ಏನು ಮಾಡ್ತೀರಿ, ದಯವಿಟ್ಟು ಬರೆಯಿರಿ. ಮಳೆಗೆ ಮುಂಚೆ ತಿಳಿದ್ರೆ ಉಪಯೋಗ ಆಗುತ್ತೆ.