ಊರಿನ ತೆರಿಗೆ, ರಾಜ್ಯದ ಹಂಚಿಕೆ: ಕ್ಯಾಲಿಫೋರ್ನಿಯಾದ ಸ್ಥಳೀಯ ಸರ್ಕಾರಗಳ ಪ್ರತಿರೋಧ (1978–2012)

1. ಪ್ರಸ್ತಾವನೆ

ಸ್ಥಳೀಯ ಸರ್ಕಾರಗಳ ತೆರಿಗೆಯನ್ನು ರಾಜ್ಯ ತನ್ನ ಕೊರತೆ ತುಂಬಿಕೊಳ್ಳಲು ತಿರುಗಿಸಿಕೊಂಡಾಗ ಅವು ಯಾವ ನೆಲೆಯಲ್ಲಿ ಪ್ರತಿಭಟಿಸಬಹುದು? ಈ ಪ್ರಶ್ನೆಯನ್ನು ಪರಿಶೀಲಿಸಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನುಭವದಷ್ಟು ಸ್ಪಷ್ಟವಾದ ನಿದರ್ಶನ ಅಪರೂಪ. ಅಲ್ಲಿನ ನಗರಗಳು ಮತ್ತು ಕೌಂಟಿಗಳು ಸುಮಾರು ಎರಡು ದಶಕ ಕಾಲ ನ್ಯಾಯಾಲಯ, ಶಾಸನಸಭೆ, ಮತಗಟ್ಟೆ ಈ ಮೂರೂ ಕಡೆ ಹೋರಾಡಿದವು. ನ್ಯಾಯಾಲಯದಲ್ಲಿ ಸೋತು ಮತದಾರರ ಮುಂದೆ ಗೆದ್ದವು. ಆದರೆ ಗೆದ್ದದ್ದು ತೆರಿಗೆಯ ಒಡೆತನವನ್ನಲ್ಲ, ಕೆಲವು ನಿಷೇಧಗಳನ್ನು ಮಾತ್ರ ಎಂಬುದು ಈ ಲೇಖನದ ವಾದ.

2. ಅಧಿಕಾರ ಕೈಬದಲಾದ ಬಗೆ

1978ರ ಜೂನ್ ತನಕ ಕ್ಯಾಲಿಫೋರ್ನಿಯಾದ ನಗರ, ಕೌಂಟಿ, ಶಾಲಾ ಜಿಲ್ಲೆಗಳು ತಂತಮ್ಮ ಆಸ್ತಿ ತೆರಿಗೆಯ ದರವನ್ನು ತಾವೇ ಗೊತ್ತುಪಡಿಸುತ್ತಿದ್ದವು. ಆ ತಿಂಗಳು ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 13 ಎಂಬ ಪ್ರಸ್ತಾವ ಒಟ್ಟು ತೆರಿಗೆಯನ್ನು ನಿರ್ಧರಿತ ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿತು, ಆಸ್ತಿ ಕೈಬದಲಾಗದಿದ್ದರೆ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸದಂತೆ ತಡೆಯಿತು. ಇದರ ಚರ್ಚೆ ಸಾಮಾನ್ಯವಾಗಿ ತೆರಿಗೆ ಇಳಿಕೆಯ ಸುತ್ತಲೇ ನಡೆಯುತ್ತದೆ. ಅದಕ್ಕಿಂತ ದೂರಗಾಮಿಯಾದದ್ದು, ಸಂಗ್ರಹವಾದ ಶೇ. 1ನ್ನು ಕಾನೂನಿನ ಪ್ರಕಾರ ಹಂಚಬೇಕೆಂಬ ಅದರ ಸಣ್ಣ ಷರತ್ತು. ಕಾನೂನು ಮಾಡುವುದು ರಾಜ್ಯ ಶಾಸನಸಭೆ. ಹೀಗೆ ತೆರಿಗೆಯ ಹೆಸರು ಸ್ಥಳೀಯವಾಗಿಯೇ ಉಳಿದು, ಪಾಲು ಮಾಡುವ ಅಧಿಕಾರ ರಾಜಧಾನಿ ಸ್ಯಾಕ್ರಮೆಂಟೊಗೆ ಹೋಯಿತು. 1979ರ ಅಸೆಂಬ್ಲಿ ಬಿಲ್ 8 ಈ ಪಾಲುಗಳನ್ನು ಸೂತ್ರಕ್ಕೆ ಇಳಿಸಿತು. ಜೊತೆಗೆ ಶಾಲೆಗಳ ಪಾಲಿನ ಒಂದಂಶವನ್ನು ನಗರ ಮತ್ತು ಕೌಂಟಿಗಳಿಗೆ ಬಿಟ್ಟುಕೊಟ್ಟು, ಶಾಲೆಗಳಿಗೆ ಆದ ಖೋತಾವನ್ನು ರಾಜ್ಯದ ಬೊಕ್ಕಸದಿಂದ ತುಂಬಿಸಿತು. ಮುಂದೆ ರಾಜ್ಯ ಸರ್ಕಾರ ತಾನು ಕೊಟ್ಟದ್ದನ್ನೇ ಹಿಂಪಡೆಯುತ್ತಿದ್ದೇನೆಂದು ವಾದಿಸಲು ಈ ನೆರವೇ ಆಧಾರವಾಯಿತು.

3. ಶಾಲೆಯ ಹೆಸರಿನಲ್ಲಿ ವರ್ಗಾವಣೆ

1990ರ ದಶಕದ ಆರಂಭದ ಆರ್ಥಿಕ ಹಿಂಜರಿತದಲ್ಲಿ ರಾಜ್ಯದ ಬಜೆಟ್ ಕುಸಿಯಿತು. 1988ರ ಪ್ರೊಪೊಸಿಷನ್ 98 ಶಾಲೆಗಳಿಗೆ ಕನಿಷ್ಠ ಅನುದಾನದ ಖಾತರಿ ಕೊಟ್ಟಿದ್ದರಿಂದ ಅಲ್ಲಿ ಕತ್ತರಿ ಹಾಕುವುದು ಸುಲಭವಿರಲಿಲ್ಲ. ಆದರೆ ಶಾಲೆಗಳಿಗೆ ಸಲ್ಲುವ ಸ್ಥಳೀಯ ಆಸ್ತಿ ತೆರಿಗೆಯೂ ಆ ಖಾತರಿಯ ಲೆಕ್ಕಕ್ಕೇ ಸೇರುತ್ತಿತ್ತು. ಶಾಸನಸಭೆ ಪ್ರತಿ ಕೌಂಟಿಯಲ್ಲೂ ‘ಶೈಕ್ಷಣಿಕ ಆದಾಯ ವೃದ್ಧಿ ನಿಧಿ’ಯನ್ನು ಸ್ಥಾಪಿಸಿ, ನಗರ, ಕೌಂಟಿ ಮತ್ತು ನಿರ್ದಿಷ್ಟ ಸೇವೆಗಾಗಿ ರಚಿಸಿದ ‘ವಿಶೇಷ ಜಿಲ್ಲೆ’ಗಳ ಪಾಲನ್ನು ಅದಕ್ಕೆ ತಿರುಗಿಸಿತು. 1992–93ರಲ್ಲಿ 130 ಕೋಟಿ ಡಾಲರ್, 1993–94ರಲ್ಲಿ ಇನ್ನೂ 260 ಕೋಟಿ ಡಾಲರ್ ಹೀಗೆ ಸರಿಯಿತು.

ಇದು ನಡೆದ ಬಗೆಯನ್ನು ಕೌಂಟಿಯ ಲೆಕ್ಕದ ಪುಸ್ತಕದಲ್ಲೇ ನೋಡಬೇಕು. 3 ಲಕ್ಷ ಡಾಲರ್ ಮೌಲ್ಯ ನಿಗದಿಯಾದ ಮನೆಯ ಮಾಲೀಕರು 3,000 ಡಾಲರ್ ಮೂಲ ತೆರಿಗೆಯನ್ನು ಕೌಂಟಿಯ ಖಜಾನೆಗೆ ಕಟ್ಟುತ್ತಾರೆ. ಕೌಂಟಿಯ ಲೆಕ್ಕಾಧಿಕಾರಿ ಅದನ್ನು ನಿಗದಿತ ಪ್ರಮಾಣದಲ್ಲಿ ನಗರ, ಕೌಂಟಿ, ಶಾಲೆ, ವಿಶೇಷ ಜಿಲ್ಲೆಗಳಿಗೆ ಹಂಚುತ್ತಾರೆ. 1992ರ ನಂತರವೂ ಮನೆಯವರ ಬಿಲ್ಲಿನಲ್ಲಿ ಒಂದು ಡಾಲರೂ ಹೆಚ್ಚು ಕಡಿಮೆಯಾಗಲಿಲ್ಲ. ಹಣ ಸ್ಯಾಕ್ರಮೆಂಟೊಗೆ ಹೋಗಲೂ ಇಲ್ಲ. ನಗರದ ಖಾತೆಯಿಂದ ಕಳೆದದ್ದು ಶಾಲಾ ನಿಧಿಗೆ ಜಮೆಯಾಯಿತು, ಅಷ್ಟೇ ಮೊತ್ತವನ್ನು ರಾಜ್ಯ ಶಾಲೆಗಳಿಗೆ ಕಡಿಮೆ ಕೊಟ್ಟಿತು. ಹೆಚ್ಚುವರಿ ಹಣ ಶಾಲೆಗೆ ಸಿಗಲಿಲ್ಲ. ಉಳಿತಾಯವಾದದ್ದು ರಾಜ್ಯದ ಬೊಕ್ಕಸಕ್ಕೆ. ತೆರಿಗೆದಾರರ ಕಣ್ಣಿಗೆ ಏನೂ ಬೀಳದ ಕಾರಣ ಸ್ಥಳೀಯ ಪ್ರತಿಭಟನೆಗೆ ಜನರ ಬೆಂಬಲ ದೊರಕಿಸುವುದು ಕಷ್ಟವಾಯಿತು. 1993ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ ಅರ್ಧ ಸೆಂಟ್ ಮಾರಾಟ ತೆರಿಗೆ ಪೊಲೀಸ್, ಅಗ್ನಿಶಾಮಕ ಸೇವೆಗಳಿಗೆ ಭಾಗಶಃ ಪರಿಹಾರ ಒದಗಿಸಿತು.

4. ನ್ಯಾಯಾಲಯದಲ್ಲಿ ಸೋಲು

ಕೌಂಟಿಗಳು ಮೊದಲು ಹೋದದ್ದು ನ್ಯಾಯಾಲಯಕ್ಕೆ. ಲಾಸ್ ಏಂಜಲೀಸ್ ಕೌಂಟಿಯ ಪ್ರಕರಣದಲ್ಲಿ 1994ರಲ್ಲಿ ಮೇಲ್ಮನವಿ ನ್ಯಾಯಾಲಯ ಹಂಚಿಕೆಯ ಅಧಿಕಾರ ಶಾಸನಸಭೆಯದೇ ಎಂದಿತು. ಸೊನೋಮಾ ಕೌಂಟಿ ಬೇರೆ ದಾರಿ ಹಿಡಿಯಿತು. ರಾಜ್ಯ ಹೊಸ ಹೊಣೆ ಹೊರಿಸಿದರೆ ಅದರ ವೆಚ್ಚವನ್ನು ಸ್ಥಳೀಯ ಸರ್ಕಾರಕ್ಕೆ ಭರಿಸಿಕೊಡಬೇಕೆಂದು ರಾಜ್ಯ ಸಂವಿಧಾನ ಹೇಳುತ್ತದೆ. ಶಾಲೆಯ ಖರ್ಚನ್ನು ತನ್ನ ಮೇಲೆ ದಾಟಿಸಿದ್ದೂ ಹಾಗೆ ಹೊರಿಸಿದ ಹೊಣೆಯೇ ಎಂಬುದು ಅದರ ವಾದ. 2000ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನೂ ತಳ್ಳಿಹಾಕಿತು. ಸಂವಿಧಾನ ರಕ್ಷಣೆ ಕೊಡುವುದು ಹೊರಿಸಿದ ಖರ್ಚಿಗೆ, ಕೈತಪ್ಪಿದ ಆದಾಯಕ್ಕಲ್ಲ ಎಂಬುದು ತೀರ್ಪಿನ ತಿರುಳು. ಸಂವಿಧಾನದ ಪಠ್ಯವನ್ನೇ ಬದಲಿಸದೆ ಗತಿಯಿಲ್ಲ ಎಂಬುದನ್ನು ಈ ಎರಡು ಸೋಲುಗಳು ಖಚಿತಪಡಿಸಿದವು.

5. ಮತದಾರರ ಮುಂದೆ

2004ರಲ್ಲಿ ನಗರಗಳ ಒಕ್ಕೂಟ, ಕೌಂಟಿಗಳ ಸಂಘ ಮತ್ತು ವಿಶೇಷ ಜಿಲ್ಲೆಗಳ ಸಂಘ ಒಂದಾಗಿ, ಇಂಥ ವರ್ಗಾವಣೆಯನ್ನು ತಡೆಯಲು ಸಹಿ ಸಂಗ್ರಹಿಸಿ ಪ್ರೊಪೊಸಿಷನ್ 65ನ್ನು ಮತಪತ್ರಕ್ಕೆ ತಂದವು. ಈ ಒತ್ತಡಕ್ಕೆ ಮಣಿದು ಗವರ್ನರ್ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಮಾತುಕತೆಗೆ ಬಂದರು. ಎರಡು ವರ್ಷ ತಲಾ 130 ಕೋಟಿ ಡಾಲರ್ ಬಿಟ್ಟುಕೊಡಲು ಸ್ಥಳೀಯ ಸರ್ಕಾರಗಳು ಒಪ್ಪಿದವು. ಪ್ರತಿಯಾಗಿ ಪ್ರೊಪೊಸಿಷನ್ 1ಎ ರೂಪುಗೊಂಡು ಶೇ. 80ಕ್ಕೂ ಹೆಚ್ಚು ಮತಗಳಿಂದ ಗೆದ್ದಿತು. ಶಾಶ್ವತ ವರ್ಗಾವಣೆಗೆ ಅದು ತಡೆಯೊಡ್ಡಿತು. ಆದರೆ ಹಣಕಾಸು ತುರ್ತುಸ್ಥಿತಿಯಲ್ಲಿ, ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತದಿಂದ, ಆಸ್ತಿ ತೆರಿಗೆಯ ಶೇ. 8ರವರೆಗೆ ಮೂರು ವರ್ಷದೊಳಗೆ ಬಡ್ಡಿಸಹಿತ ತೀರಿಸುವ ಸಾಲ ಪಡೆಯಲು ಅವಕಾಶ ಉಳಿಸಿತು.

ಐದು ವರ್ಷದೊಳಗೆ ಆ ಅವಕಾಶ ಬಳಕೆಯಾಯಿತು. 2009ರಲ್ಲಿ ರಾಜ್ಯ ಸುಮಾರು 190 ಕೋಟಿ ಡಾಲರನ್ನು ಹೀಗೆ ಸಾಲ ಪಡೆಯಿತು. ನಗರಾಭಿವೃದ್ಧಿಗಾಗಿ ಇದ್ದ ಪುನರಭಿವೃದ್ಧಿ ಸಂಸ್ಥೆಗಳಿಂದ ಇನ್ನೂ 170 ಕೋಟಿ ಡಾಲರ್ ಕೇಳಿತು. ಇದಕ್ಕೆ ಉತ್ತರವಾಗಿ ಬಂದ ಪ್ರೊಪೊಸಿಷನ್ 22 ಸಾಲದ ಬಾಗಿಲನ್ನೂ ಮುಚ್ಚಿ, ಇಂಧನ ತೆರಿಗೆ ಹಾಗೂ ಪುನರಭಿವೃದ್ಧಿ ನಿಧಿಗೂ ರಕ್ಷಣೆ ಚಾಚಿ, 2010ರ ನವೆಂಬರ್‌ನಲ್ಲಿ ಶೇ. 60ರಷ್ಟು ಮತ ಪಡೆಯಿತು.

6. ಗೆಲುವಿನ ಮಿತಿ

2011ರಲ್ಲಿ ಗವರ್ನರ್ ಜೆರಿ ಬ್ರೌನ್ ಎರಡು ಮಸೂದೆಗಳಿಗೆ ಸಹಿ ಹಾಕಿದರು. ಒಂದು, ಸುಮಾರು 400 ಪುನರಭಿವೃದ್ಧಿ ಸಂಸ್ಥೆಗಳನ್ನು ವಿಸರ್ಜಿಸುವುದು. ಇನ್ನೊಂದು, ನಿಗದಿತ ಹಣ ಕಟ್ಟುವ ನಗರಗಳಿಗೆ ಅವುಗಳನ್ನು ಉಳಿಸಿಕೊಳ್ಳಲು ಬಿಡುವುದು. ನಗರಗಳು ಎರಡನ್ನೂ ಪ್ರಶ್ನಿಸಿದವು. 2011ರ ಡಿಸೆಂಬರ್ 29ರಂದು ರಾಜ್ಯ ಸುಪ್ರೀಂ ಕೋರ್ಟ್ ಮೊದಲನೆಯದನ್ನು ಎತ್ತಿಹಿಡಿಯಿತು: ಶಾಸನಸಭೆ ಹುಟ್ಟಿಸಿದ ಸಂಸ್ಥೆಯನ್ನು ಶಾಸನಸಭೆ ರದ್ದುಮಾಡಬಹುದು. ಎರಡನೆಯದನ್ನು ಅನೂರ್ಜಿತಗೊಳಿಸಿತು: ಅಂಥ ಹಣ ವಸೂಲಿಯನ್ನು ಪ್ರೊಪೊಸಿಷನ್ 22 ನಿಷೇಧಿಸುತ್ತದೆ. ನಗರಗಳು ತಾವೇ ಬರೆಸಿದ ರಕ್ಷಣೆಯಿಂದಾಗಿ, ಹಣ ಕೊಟ್ಟು ಉಳಿಯುವ ದಾರಿಯೂ ಹೋಯಿತು. 2012ರ ಫೆಬ್ರುವರಿ 1ರಂದು ಆ ಸಂಸ್ಥೆಗಳು ಇಲ್ಲವಾದವು.

ರಾಜ್ಯದ ವಾದದಲ್ಲೂ ಹುರುಳಿತ್ತು. ಪುನರಭಿವೃದ್ಧಿ ಪ್ರದೇಶದಲ್ಲಿ ಹೆಚ್ಚಿದ ಆಸ್ತಿ ತೆರಿಗೆಯ ಬಹುಪಾಲು ಆ ಸಂಸ್ಥೆಗಳಿಗೇ ಸಲ್ಲುತ್ತಿದ್ದರಿಂದ ಶಾಲೆ ಮತ್ತು ಕೌಂಟಿಗಳ ಪಾಲು ಕುಗ್ಗುತ್ತಿತ್ತು. ಶಾಲೆಗಳ ಕೊರತೆಯನ್ನು ರಾಜ್ಯ ತುಂಬಬೇಕಿತ್ತು. ಅಂದರೆ ಪಾಲು ತಿರುಗಿಸುವ ಕೆಲಸವನ್ನು ಈ ಸಂಸ್ಥೆಗಳ ಮೂಲಕ ನಗರಗಳೂ ಮಾಡಿದ್ದವು. ರಾಜ್ಯದ ಮೇಲಿನ ಅವುಗಳ ದೂರಿನ ನೈತಿಕ ಬಲ ಇದರಿಂದ ಕುಂದಿತು.

7. ಸಮಾರೋಪ

ಪ್ರತಿ ನಿಷೇಧವೂ ರಾಜ್ಯವನ್ನು ಮುಂದಿನ ದಾರಿ ಹುಡುಕುವಂತೆ ಮಾಡಿತು: ವರ್ಗಾವಣೆ ನಿಂತಾಗ ಸಾಲ, ಸಾಲ ನಿಂತಾಗ ವಿಸರ್ಜನೆ. ಆದರೂ ಹೋರಾಟ ವ್ಯರ್ಥವಾಯಿತು ಎನ್ನಲಾಗದು. 1990ರ ದಶಕದಲ್ಲಿ ಸರಳ ಬಹುಮತದಿಂದ ಸಾಧ್ಯವಿದ್ದ ವರ್ಗಾವಣೆ ಇಂದು ಸಂವಿಧಾನ ತಿದ್ದದೆ ಸಾಧ್ಯವಿಲ್ಲ. ಅದು ಸಣ್ಣ ಸಾಧನೆಯಲ್ಲ. ಆದರೆ 1978ರಲ್ಲಿ ಕಳೆದುಕೊಂಡ ದರ ನಿರ್ಧಾರದ ಹಕ್ಕನ್ನು ಈ ಯಾವ ಪ್ರಸ್ತಾವವೂ ನಗರಗಳಿಗೆ ಮರಳಿಸಲಿಲ್ಲ. ಸ್ಥಳೀಯ ಸ್ವಾಯತ್ತತೆಯನ್ನು ಬಯಸುವವರು ತೆರಿಗೆಯ ದರವನ್ನು ಯಾರು ಗೊತ್ತುಪಡಿಸುತ್ತಾರೆ, ಪಾಲನ್ನು ಯಾರು ಮಾಡುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಎತ್ತಬೇಕು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋರಾಡಿದರೆ ಸಿಗುವುದು ಅರ್ಧ ರಕ್ಷಣೆ ಮಾತ್ರ.