ಕಮಲಾಪುರದ ಮರುಮದುವೆ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಬಾಲವಿಧವೆಯೊಬ್ಬಳ ಮರುಮದುವೆಯ ಕಥೆ ಎಂದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ‘ಸದ್ಧರ್ಮ ವಿಜಯವು’ ಎಂಬುದು ಅದರ ಇನ್ನೊಂದು ಹೆಸರು. ಪೊಲೀಸ್ ಇಲಾಖೆಯಲ್ಲಿದ್ದ ವೆಂಕಟರಾಯರು ರಾಜಕುಮಾರಿಯರ ಕಥೆಗಳನ್ನು ಬದಿಗಿಟ್ಟು, ಕಮಲಾಪುರವೆಂಬ ಕಲ್ಪಿತ ಊರಿನ ಮನೆಗಳ ಒಳಗೆ ಕಣ್ಣು ಹಾಯಿಸಿದರು.

ವಿಧವಾ ವಿವಾಹಕ್ಕೆ ಕಾನೂನು ಬಂದು ಆ ವೇಳೆಗೆ 43 ವರ್ಷಗಳಾಗಿದ್ದವು. ಈಶ್ವರಚಂದ್ರ ವಿದ್ಯಾಸಾಗರರ ಪ್ರಯತ್ನದಿಂದ 1856ರಲ್ಲಿ 15ನೆಯ ಕಾಯಿದೆ ಜಾರಿಗೆ ಬಂದಿತ್ತು. ಹಾಗಿದ್ದರೆ ಸಮಸ್ಯೆ ಬಗೆಹರಿಯಿತಲ್ಲ ಎಂದು ನೀವು ಕೇಳಬಹುದು. ಕಾಯಿದೆಯನ್ನೇ ಸ್ವಲ್ಪ ಗಮನವಿಟ್ಟು ನೋಡೋಣ. ಮರುಮದುವೆಯಾದವಳು ಮೊದಲ ಗಂಡನ ಆಸ್ತಿಯಲ್ಲಿನ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಗಂಡನೊಡನೆ ಸಂಸಾರ ಮಾಡದೆಯೇ ವಿಧವೆಯಾದ ಅಪ್ರಾಪ್ತ ವಯಸ್ಸಿನ ಹುಡುಗಿ ಮದುವೆಯಾಗಬೇಕಾದರೆ ತಂದೆಯ ಒಪ್ಪಿಗೆ ಬೇಕು. ತಂದೆ ಇಲ್ಲದಿದ್ದರೆ ಅಜ್ಜ, ತಾಯಿ, ಅಣ್ಣ ಹೀಗೆ ಬಂಧುಗಳ ಒಪ್ಪಿಗೆ. ಅಂದರೆ ಯಾವ ಮನೆಯವರು ಆಕೆಯನ್ನು ಮೂಲೆಯಲ್ಲಿ ಕೂರಿಸಿದ್ದರೋ ಅವರೇ ಬಾಗಿಲನ್ನೂ ತೆರೆಯಬೇಕಾಗಿತ್ತು.

ವಿಜ್ಞಾನ ಓದಿದ ನನಗೆ ಈ ಕಾದಂಬರಿಯಲ್ಲಿ ಹಿಡಿಸುವುದು ಅದರ ಕಾರ್ಯಕಾರಣದ ಕ್ರಮ. ಇಂದಿರೆ ತವರನ್ನು ಬಿಟ್ಟು ಹೊರಬೀಳುತ್ತಾಳೆ. ಸುಧಾರಕರಾದ ಅಮೃತರಾಯರ ಮನೆಯಲ್ಲಿ ಆಕೆಗೆ ಮೊದಲು ಆಶ್ರಯ, ಅನಂತರ ವಿದ್ಯೆ ದೊರೆಯುತ್ತದೆ. ಅದೇ ಮನೆಯ ಆಸರೆಯಲ್ಲಿ ಓದಿ ಮುಂದೆ ಬಂದ ಭಾಸ್ಕರನೊಡನೆ ಮದುವೆ ನಡೆಯುವುದು ಕೊನೆಗೆ. ಗಂಡು ಬಂದು ಆಕೆಯನ್ನು ಉದ್ಧಾರ ಮಾಡಿದ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಆತ ಬರುವ ವೇಳೆಗೆ ಆಕೆಯ ಮನಸ್ಸಿನ ಗಾಯ ಮಾಯತೊಡಗಿದೆ.

ಇದು ಬರಿಯ ಕಲ್ಪನೆಯೇ? ಅಲ್ಲ. ಮಂಗಳೂರಿನಲ್ಲಿ 1870ರಲ್ಲೇ ಬ್ರಹ್ಮಸಮಾಜ ಸ್ಥಾಪನೆಯಾಗಿತ್ತು. ಸುಧಾರಣೆಯ ಪರ ನಿಂತ ಕುಟುಂಬಗಳೂ ಬಹಿಷ್ಕಾರದ ಭಯವೂ ಅಲ್ಲಿ ಒಟ್ಟಿಗೇ ಇದ್ದವು. ನಿಜಜೀವನದಲ್ಲಿ ಇದೇ ಕ್ರಮವನ್ನು ಕಾಣಬೇಕಾದರೆ ನೆರೆಯ ಮಹಾರಾಷ್ಟ್ರದತ್ತ ನೋಡಿ. ಬಾಲ್ಯದಲ್ಲೇ ವಿಧವೆಯಾದ ಗೋದೂಬಾಯಿ, ಪಂಡಿತಾ ರಮಾಬಾಯಿ 1889ರಲ್ಲಿ ತೆರೆದ ಶಾರದಾ ಸದನದಲ್ಲಿ ಓದಿದವರು. ಪತ್ನಿಯನ್ನು ಕಳೆದುಕೊಂಡಿದ್ದ ಪ್ರೊಫೆಸರ್ ಧೋಂಡೋ ಕೇಶವ ಕರ್ವೆ 1893ರಲ್ಲಿ ಅವರನ್ನು ಮದುವೆಯಾದರು. ಕರ್ವೆಯವರ ಊರಾದ ಮುರುಡ ಅವರಿಗೆ ಬಹಿಷ್ಕಾರ ಹಾಕಿತು. ದಂಪತಿಗಳು ಸುಮ್ಮನೆ ಕೂರಲಿಲ್ಲ. 1896ರಲ್ಲಿ ಕರ್ವೆ ಪುಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ಆರಂಭಿಸಿದರು. ಆನಂದಿಬಾಯಿ ಎಂಬ ಹೊಸ ಹೆಸರಿನಲ್ಲಿ ಗೋದೂಬಾಯಿ ಅದಕ್ಕಾಗಿ ಊರೂರು ಸುತ್ತಿ ಹಣ ಕೂಡಿಸಿದರು.

ಕಾಯಿದೆ, ಕಾದಂಬರಿ, ಕರ್ವೆ ದಂಪತಿಗಳ ಬದುಕು ಇವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಾನೂನು ಅನುಮತಿ ಕೊಟ್ಟಿತು. ಆ ಅನುಮತಿ ಬದುಕಾಗಿ ಮಾರ್ಪಡಲು ಊರಿನಲ್ಲಿ ಒಂದು ಮನೆ ಬಾಗಿಲು ತೆರೆಯಬೇಕಾಯಿತು, ಒಂದು ಶಾಲೆ ಅಕ್ಷರ ಕಲಿಸಬೇಕಾಯಿತು. 1856ರ ಕಾಯಿದೆ 1983ರಲ್ಲಿ ರದ್ದಾಗಿದೆ. ಅದರ ಅಗತ್ಯವನ್ನು ನಂತರದ ಕಾನೂನುಗಳು ತುಂಬಿಕೊಂಡಿವೆ. ಆದರೂ ಗಂಡ ತೀರಿಕೊಂಡವಳನ್ನು ಮಂಗಳಕಾರ್ಯದಲ್ಲಿ ಹಿಂದಕ್ಕೆ ನಿಲ್ಲಿಸುವ ಮನೆಗಳು ಇಂದಿಗೂ ನಮ್ಮ ನಡುವೆ ಇವೆ.

ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಕೆಂಪು ಸೀರೆ ಉಟ್ಟು ಅಡುಗೆಮನೆಯಲ್ಲೇ ಆಯುಷ್ಯ ಕಳೆದ ದೊಡ್ಡತ್ತೆಯೋ ಅಜ್ಜಿಯೋ ಬಹಳಷ್ಟು ಮನೆಗಳಲ್ಲಿ ಇದ್ದಿರುತ್ತಾರೆ. ಅವರ ಹೆಸರೇನೆಂದು ಕೇಳಿ, ಬರೆದಿಟ್ಟುಕೊಳ್ಳಿ. ಬಳಿಕ ‘ಇಂದಿರಾಬಾಯಿ’ಯನ್ನು ಓದಿ.